ಕಾಯುವ ಕಸುಬು

ಮೂವತ್ತೊಂದು ವರ್ಷ ಕಸ್ತೂರಿ ಇಲಿ ಹಿಡಿದವಳು ನಾನು,
ಫ್ರೀಸ್‌ಲ್ಯಾಂಡಿನ ನೀರು ಮಂಡಳಿಯ ಸಂಬಳಕ್ಕೆ.
ಕಡಲಿಗಿಂತ ತಗ್ಗಿನ ನೆಲ ನಮ್ಮದು; ಏರಿಯ ಹೊಟ್ಟೆಯಲ್ಲಿ
ಒಂದು ಇಲಿ ಬಿಲ ತೋಡಿದರೆ
ಹಸು, ಹುಲ್ಲು, ಚರ್ಚಿನ ಗಂಟೆ ಎಲ್ಲ ನೀರುಪಾಲು.
ದೋಣಿಯಿಂದ ಬಗ್ಗಿ, ಹೆಗಲ ತನಕ ಕೈ ಇಳಿಸಿ,
ಕಣ್ಣು ಮುಚ್ಚಿ, ಬೆರಳಲ್ಲೇ ನೋಡುತ್ತಿದ್ದೆ.

ಹಾಗಾಗಿ ಡಾಕ್ಟರ್ ಫಾನ್ ರಾಲ್ಟೆ ಕೈಗವಸು ತೊಟ್ಟು
"ಸ್ವಲ್ಪ ತಣ್ಣಗಿರುತ್ತದೆ, ಗೇಸ್ಕೆ" ಎಂದಾಗ
ನಾಚಿಕೆ ಆಗಲಿಲ್ಲ ಎಂದರೆ ಸುಳ್ಳು;
ಆದರೂ ಆಕೆಯ ಬೆರಳಿನ ಗುರುತು ಸಿಕ್ಕಿತು.
ಅದೂ ದಂಡೆ ತಡವುವ ಬೆರಳೇ.

ಗಂಟು ಇದ್ದದ್ದು ಗುದದಿಂದ ಎರಡು ಬೆರಳು ಮೇಲೆ.
ಕೊಯ್ದರೆ ದಾರಿಯನ್ನೇ ಕೊಯ್ಯಬೇಕು,
ಸಾಯುವ ತನಕ ಹೊಟ್ಟೆಯ ಮೇಲೊಂದು ಚೀಲ.
ಇಪ್ಪತ್ತೈದು ದಿನ ವಿಕಿರಣ, ಗುಳಿಗೆ, ವಾಂತಿ.
ಆಮೇಲೆ ಸುಮ್ಮನಿರು ಎಂದರು.
ಅಕ್ಟೋಬರಿನಲ್ಲಿ ಕ್ಯಾಮೆರಾ ಒಳಹೊಕ್ಕಿತು:
ಗಂಟಿನ ಜಾಗದಲ್ಲಿ ಬೆಳ್ಳನೆಯ ಕಲೆ,
ಒಣಗಿದ ಹಾಲಿನ ಹನಿಯಂತೆ.

"ಕೊಯ್ಯುವುದು ಬೇಡ, ಕಾಯೋಣ" ಅಂದರು ಆಕೆ.
ಊಬೆಲೆ ಕೋಟಿನ ಗುಂಡಿ ತಿರುವುತ್ತ ಕೂತಿದ್ದ.
ಕಾರಿನಲ್ಲಿ ಬಾಯಿ ಬಿಟ್ಟ: "ಕಿತ್ತು ಬಿಸಾಡಲಿ ಮಾರಾಯ್ತಿ.
ಬೂದಿಯ ಕೆಳಗೆ ಏನಿದೆಯೋ ಯಾರು ಕಂಡರು?
ನಾಲ್ವರಲ್ಲಿ ಒಬ್ಬರಿಗೆ ಮತ್ತೆ ಬರುತ್ತದಂತೆ."
ಮೂವರಿಗೆ ಬರುವುದಿಲ್ಲ, ಅಂದೆ.
ಸೇತುವೆ ಎತ್ತಿತ್ತು; ಒಂದು ದೋಣಿ ದಾಟುವ ತನಕ
ಇಬ್ಬರೂ ಆ ನಾಲ್ಕನೆಯವರ ಮುಖ ನೋಡುತ್ತ ಕೂತೆವು.

ಕಾಯುವುದೆಂದರೆ ಕಾದು ಕೂರುವುದೂ ಹೌದು,
ಕಾವಲು ಕೂರುವುದೂ ಹೌದು.
ಮೊದಲನೆಯದು ನನಗೆ ಬಾರದು.
ಎರಡನೆಯದಕ್ಕೆ ಪಿಂಚಣಿ ಬರುತ್ತಿದೆ.
ಮೂರು ತಿಂಗಳಿಗೊಮ್ಮೆ ರಕ್ತ, ಬೆರಳು, ಕ್ಯಾಮೆರಾ,
ಗುಡುಗುವ ಸ್ಕ್ಯಾನಿನ ಕೊಳವೆ.
ಎರಡು ವರ್ಷ ಹೀಗೆ, ಆಮೇಲೆ ತುಸು ಸಡಿಲ.

ಇಲಿ ಇದ್ದರೆ ಸುಳಿವು ಬಿಡುತ್ತದೆ:
ಕಡಿದ ಜೊಂಡು, ಕದಡಿದ ನೀರು.
ಇಲ್ಲದ ಇಲಿಗೆ ಹೆಜ್ಜೆಯೇ ಇಲ್ಲ.
ಇಲ್ಲವೆಂದು ಹೇಳಲು
ಇಡೀ ಕಾಲುವೆ ಮತ್ತೆ ಮತ್ತೆ ತಡವಬೇಕು,
ಸಂಜೆ ವಹಿಯಲ್ಲಿ ಬರೆಯಬೇಕು: ಏನೂ ಇಲ್ಲ.
ಆ ಎರಡು ಪದಕ್ಕೆ ಸಂಬಳ ಉಂಡವಳು ನಾನು.

ಮೂರನೆಯ ಸಲ ಫಾನ್ ರಾಲ್ಟೆ ಪರದೆಗೆ ಮೂಗು ಹತ್ತಿಸಿ
"ಇದೊಂದು ನೆರಳು. ಆರು ವಾರ ಬಿಟ್ಟು ನೋಡೋಣ" ಅಂದರು.
ಆರು ವಾರ!
ಊಬೆಲೆ ಹಿತ್ತಲ ಬೇಲಿಗೆ ಎರಡೆರಡು ಸಲ ಬಣ್ಣ ಬಳಿದ.
ನಾನು ಬೂಟು ಮೆಟ್ಟಿ ಹಳೆಯ ದಂಡೆಗೆ ಹೋಗಿ
ಕಂಡ ಕಂಡ ತೂತಿಗೆಲ್ಲ ಕೈ ಹಾಕಿದೆ.
ಒಂದರೊಳಗೆ ಮೆತ್ತಗೆ ಏನೋ ತಾಗಿ ಕಿರುಚಿದೆ.
ನನ್ನದೇ ಇನ್ನೊಂದು ಕೈ. ಬಿಲಕ್ಕೆ ಎರಡು ಬಾಯಿ.

ನೆರಳು ನೆರಳೇ ಆಗಿತ್ತು.

ನಮ್ಮಲ್ಲಿ ಹುಟ್ಟುಹಬ್ಬದ ಕ್ಯಾಲೆಂಡರು ಕಕ್ಕಸಿನ ಗೋಡೆಗೆ ತೂಗುತ್ತದೆ.
ವರ್ಷವಿಲ್ಲ, ವಾರವಿಲ್ಲ, ಬರೀ ತಾರೀಖು;
ಮುಗಿದರೆ ಮತ್ತೆ ಜನವರಿಗೆ ಮಗುಚುವುದು.
ವಿಕಿರಣ ತಿಂದ ಕರುಳು ದಿನಕ್ಕೆ ಎಂಟು ಸಲ
ಅದರೆದುರು ಕೂರಿಸುತ್ತದೆ ನನ್ನನ್ನು,
ನೆಂಟರ ಹುಟ್ಟೆಲ್ಲ ಬಾಯಿಪಾಠ.
ಶಾಯಿಯ ಹೆಸರುಗಳ ನಡುವೆ, ಪೆನ್ಸಿಲ್ಲಿನಲ್ಲಿ,
ಮೂರು ತಿಂಗಳಿಗೊಮ್ಮೆ ಬರೆದಿಟ್ಟಿದ್ದೇನೆ: ಇಲಿ.

ಕಳೆದ ಭಾನುವಾರ ಊಬೆಲೆಯ ತಂಗಿಯ ಮಗಳು ಚಿಟ್ಸ್ಕೆ
ಕೈ ಒರೆಸುತ್ತ ಹೊರಗೆ ಬಂದು ಕೇಳಿದಳು:
"ಜೂನ್ ಒಂಬತ್ತಕ್ಕೆ ಇಲಿ ಅಂತಿದೆಯಲ್ಲ, ಯಾರದ್ದು ಹುಟ್ಟುಹಬ್ಬ?"
ನಾನು ಬಾಯಿ ತೆರೆಯುವ ಮೊದಲೇ
ಊಬೆಲೆ, ಕೇಕು ಕೊಯ್ಯುತ್ತ, ತಲೆ ಎತ್ತದೆ:
"ಹುಟ್ಟುಹಬ್ಬ ಅಲ್ಲ ಕೂಸೇ. ಅದು ಹುಟ್ಟದ ಹಬ್ಬ."

ನನಗೆ ದೊಡ್ಡ ತುಂಡನ್ನೇ ಕೊಟ್ಟ.
ಅರ್ಧ ತಿಂದೆ,
ಎದ್ದು ಓಡಿದೆ.